ಮೂರನೇ ತಿರುವಿನ ಕೂಗು

ಆ ವಿಡಿಯೊ ಐವತ್ತೆಂಟು ಸೆಕೆಂಡಿನದು. ಕೆಂಪು ಕಲ್ಲಿನ ಇಳಿಜಾರಿನಲ್ಲಿ ಒಂದು ಸೈಕಲ್ ಬಿದ್ದೇ ಹೋಯಿತು ಅನ್ನುವ ಹಾಗೆ ಇಳಿಯುತ್ತದೆ, ಮೂರು ಕಡೆ ತಿರುಗುತ್ತದೆ, ಒಂದು ಕಡೆ ಎರಡೂ ಗಾಲಿ ನೆಲ ಬಿಟ್ಟಿರುತ್ತವೆ. ಇಳಿಯುತ್ತಿರುವವರ ಮುಖ ಕಾಣುವುದಿಲ್ಲ. ಗದ್ದದವರೆಗೂ ಮುಚ್ಚುವ ಹೆಲ್ಮೆಟ್, ಕಪ್ಪು ಕನ್ನಡಕ, ಮೊಣಕೈಗೂ ಮೊಣಕಾಲಿಗೂ ಗಟ್ಟಿ ಕವಚ, ಮೇಲೆ ಸಡಿಲವಾದ ಅಂಗಿ. ಅದು ನಾನು. ವಿಡಿಯೊದ ಕೆಳಗಿರುವ ಹೆಸರು ನನ್ನದಲ್ಲ.

ಅದನ್ನು ನಾನು ಕ್ಷಮಿಸಿಲ್ಲ. ಕೊನೆಗೆ ಕ್ಷಮಿಸಿದೆ ಎಂದು ಓದಲು ಕಾಯುವವರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಊರು ಭಾಲ್ಕಿ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಬೀದರಿನ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಸಾಯಗಾಂವದಿಂದ, ಕಮಠಾಣದಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುವ ಹೊಲದ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದು, ಪರೀಕ್ಷಿಸಿ, ಅಂಕಿ ಬರೆಯುವುದು ನನ್ನ ಕೆಲಸ. ಮಾತು ಕಡಿಮೆ ಬೇಕಾದ ಕೆಲಸ, ನನಗೆ ಹೊಂದಿತು. ಬೀದರ ಊರು ಕೆಂಪು ಕಲ್ಲಿನ ಒಂದು ದೊಡ್ಡ ಹಲಗೆಯ ಮೇಲೆ ಕೂತಿದೆ. ಹಲಗೆ ಮುಗಿದಲ್ಲಿ ನೆಲ ಒಮ್ಮೆಲೇ ಕೆಳಗೆ ಇಳಿಯುತ್ತದೆ. ಔರಾದ ರಸ್ತೆಯ ಬದಿಯಲ್ಲಿ ಅಂಥ ಒಂದು ಇಳಿಜಾರಿದೆ. ಮೊದಲ ಸಲ ನಾನು ಅಲ್ಲಿಗೆ ಹೋದದ್ದು ಕಲ್ಲು ನೋಡಲು. ಎರಡನೆಯ ಸಲ ಸೈಕಲ್ ತೆಗೆದುಕೊಂಡು ಹೋದೆ.

ಗುಡ್ಡದಿಂದ ಸೈಕಲ್ ಇಳಿಸುವುದನ್ನು ಜನ ಹುಚ್ಚು ಧೈರ್ಯ ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದು ಲೆಕ್ಕಾಚಾರ. ಮೈಭಾರ ಎಷ್ಟು ಹಿಂದೆ ಇರಬೇಕು, ಹಿಮ್ಮಡಿ ಎಷ್ಟು ಕೆಳಗೆ, ಬ್ರೇಕಿನ ಮೇಲೆ ಒಂದೇ ಬೆರಳೋ ಎರಡೋ. ಹೆದರಿಸುವ ಕಲ್ಲನ್ನು ನೋಡಿದರೆ ಸೈಕಲ್ ಆ ಕಲ್ಲಿಗೇ ಹೋಗುತ್ತದೆ. ಹೋಗಬೇಕಾದ ಜಾಗವನ್ನು ನೋಡಬೇಕು. ಹಾಗೆ ನೋಡುತ್ತ ನೋಡುತ್ತ ಇಳಿಜಾರಿನ ಮೇಲೆ ಒಂದು ದಾರಿ ಮೂಡುತ್ತದೆ. ಅದಕ್ಕೆ ನಾವು ಲೈನ್ ಎನ್ನುತ್ತೇವೆ. ಅದನ್ನು ಯಾರೂ ಹಾಸಿರುವುದಿಲ್ಲ, ಹುಡುಕಿಕೊಳ್ಳಬೇಕು.

ಆ ಇಳಿಜಾರಿನ ಲೈನನ್ನು ನಾನು ಹುಡುಕಿದೆ. ನಾಲ್ಕು ತಿಂಗಳ ರವಿವಾರಗಳು ಬೇಕಾದವು. ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಹೋಗಿ ಕಲ್ಲುಗಳ ಮೇಲೆ ಗುರುತು ಹಾಕಿದೆ. ಇಳಿಜಾರಿನ ಕೋನ ಅಳೆದೆ, ನೋಟ್‌ಬುಕ್ಕಿನಲ್ಲಿ ಬರೆದೆ. ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ಮೂರನೇ ತಿರುವು. ಅಲ್ಲಿ ದಾರಿ ಎರಡಾಗುತ್ತದೆ. ಎಡಗಡೆ ಅಗಲವಾಗಿ, ನುಣ್ಣಗೆ ಇದೆ. ಯಾರಿಗಾದರೂ ಅಲ್ಲೇ ಹೋಗಬೇಕು ಅನ್ನಿಸುತ್ತದೆ. ಬಲಗಡೆ ಒಡೆದ ಕಲ್ಲುಗಳ ರಾಶಿ. ಆದರೆ ಗಟ್ಟಿ ಕೆಂಪು ಪದರು ಮುಗಿದು ಅಡಿಯ ಜೇಡಿಮಣ್ಣು ಹೊರಬೀಳುವುದು ಸರಿಯಾಗಿ ಆ ಎಡಗಡೆಯಲ್ಲೇ. ನೀರು ಅಲ್ಲಿ ಸೇರಿ, ಒಳಗಿಂದ ಕೊರೆದು, ತಿರುವಿನಾಚೆ ಮೇಲಿನಿಂದ ಕಾಣದ ಒಂದು ಕೊರಕಲು ಮಾಡಿದೆ. ಬಲಗಡೆಯ ಕಲ್ಲುಗಳ ಮೇಲೆ ಗಾಲಿ ಕುಣಿಯುತ್ತದೆ, ಆದರೆ ಹಿಡಿತ ತಪ್ಪುವುದಿಲ್ಲ. ಇದನ್ನು ತಿಳಿಯುವ ಮೊದಲು ನಾನು ಎರಡು ಸಲ ಬಿದ್ದಿದ್ದೇನೆ.

ಗಾಂಧಿ ಗಂಜ ಮಾರುಕಟ್ಟೆಯ ಹಿಂದೆ ಒಬ್ಬ ಉಸ್ತಾದರ ಅಂಗಡಿಯಿದೆ. ಹಮಾಲರ ಕೈಗಾಡಿಗಳ ಗಾಲಿ ಸರಿಮಾಡುವುದು ಅವರ ಮುಖ್ಯ ಕೆಲಸ. ನಮ್ಮಂಥವರ ಸೈಕಲ್ಲುಗಳನ್ನೂ ಅದೇ ಕೈಯಿಂದ ನೋಡುತ್ತಾರೆ. ನನ್ನ ಹಳೆಯ ಸೈಕಲ್ಲನ್ನು ಎರಡು ಸಲ ಪೂರ್ತಿ ಬಿಚ್ಚಿ ಜೋಡಿಸಿದ್ದು ಅವರೇ. ರವಿವಾರ ಬೆಳಗ್ಗೆ ನಮ್ಮ ಸೈಕಲ್ ಗುಂಪು ಅವರ ಅಂಗಡಿಯ ಮುಂದೆ ಸೇರುತ್ತಿತ್ತು. ಒಂಬತ್ತು ಜನ, ಅದರಲ್ಲಿ ಹೆಣ್ಣುಮಗಳು ನಾನೊಬ್ಬಳೇ. ಗುಂಪಿನ ನಾಯಕ ಔರಾದದವನು, ಬೀದರಿನಲ್ಲಿ ಜಿಮ್ ನಡೆಸುತ್ತಾನೆ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನು. ನಾನು ಅವನಿಗೆ ಅಣ್ಣಾ ಎನ್ನುತ್ತಿದ್ದೆ, ಅವನು ನನಗೆ ತಂಗಿ ಎನ್ನುತ್ತಿದ್ದ.

ವಿಡಿಯೊ ತೆಗೆದದ್ದು ಅವನು, ಉಳಿದವರು ಯಾರೂ ಬರದ ಒಂದು ರವಿವಾರ. ಅವನ ಫೋನ್ ಒಳ್ಳೆಯದಿತ್ತು. ತೆಗೆಯುವ ಮೊದಲು ನಾನೇ ಹೇಳಿದ್ದೆ:

"ಅಣ್ಣಾ, ಎಲ್ಲಿಯೂ ನನ್ನ ಹೆಸರು ಹಾಕಬ್ಯಾಡ್ರಿ. ಮನ್ಯಾಗ ಗೊತ್ತಿಲ್ಲ."

"ಹಾಕಂಗಿಲ್ಲ ಬಿಡು ತಂಗಿ."

ಮಾತಿಗೆ ತಪ್ಪಲಿಲ್ಲ. ನನ್ನ ಹೆಸರು ಹಾಕಲಿಲ್ಲ, ತನ್ನದು ಹಾಕಿಕೊಂಡ. "ಹೊಡದಿ ಗುರೂ!", "ಔರಾದ ಹುಲಿ!" ಎಂದು ಬರೆದವರಿಗೆಲ್ಲ ಕೈ ಮುಗಿದ ಚಿತ್ರ ಕಳಿಸಿದ. ಮೊದಲ ವಾರ "ನಮ್ಮ ಲೈನ್" ಎನ್ನುತ್ತಿದ್ದವನು ಮೂರನೆಯ ವಾರಕ್ಕೆ "ನನ್ನ ಲೈನ್" ಎನ್ನತೊಡಗಿದ.

ನಾನು ಅಂಗಡಿಯ ಮುಂದೆ ಕೇಳಿದೆ. ಉಸ್ತಾದರು ಒಂದು ಕೈಗಾಡಿಯ ಗಾಲಿ ತಿರುಗಿಸುತ್ತ ಕೂತಿದ್ದರು. ಬೇರೆ ಯಾರೂ ಇರಲಿಲ್ಲ.

"ಅಣ್ಣಾ, ಆ ವಿಡಿಯೊದಾಗ ಇಳದಾಕಿ ನಾ."

"ನಾ ಎಲ್ಲಿ ಅಲ್ಲಾ ಅಂದೀನಿ?"

"ಎಲ್ಲಾರೂ ನೀವೇ ಅನ್ಕೊಂಡಾರ."

"ಅನ್ಕೊಳ್ಳೋರ ಬಾಯಿ ನಾ ಹಿಡೀಲೇನು? ಹೆಸರು ಬ್ಯಾಡ ಅಂದಾಕಿ ನೀನೇ. ಈಗ ಬೇಕಾಯ್ತೇನು?" ಎಂದು ನಕ್ಕ. "ಹೇಳು, ಭಾಲ್ಕಿಗಿ ಫೋನ್ ಹಚ್ಚಿ ನಿಮ್ಮ ಅಪ್ಪಾಗ ಹೇಳಲೇನು? 'ನಿಮ್ಮ ಮಗಳು ಐತವಾರ ಲ್ಯಾಬಿಗಿ ಹೋಗಂಗಿಲ್ಲರಿ, ಗುಡ್ಡದಿಂದ ಜಿಗೀತಾಳ' ಅಂತ?"

ಚೇಷ್ಟೆಯ ದನಿಯಲ್ಲೇ ಹೇಳಿದ. ಆದರೆ ನಾನು ಮುಂದೆ ಬಾಯಿ ತೆರೆಯದಂತೆ ಹೇಳಿದ. ಅವನು ಹೋದ ಮೇಲೆ ಉಸ್ತಾದರು ಗಾಲಿಯಿಂದ ಕಣ್ಣೆತ್ತದೆ, "ಅವನ ಸೈಕಲ್ಲಿಂದು ಮುಂದಿನ ಬ್ರೇಕ್ ಪ್ಯಾಡ್ ಪೂರಾ ಸವದಾವ ಬೇಟಿ. ಹಿಂದಿನವು ಹೊಸಾವ ಹಂಗೇ ಅವ" ಎಂದರು.

ಅಷ್ಟು ಸಾಕಿತ್ತು. ಕಡಿದಾದ ಜಾಗದಲ್ಲಿ ಹೆದರಿದವರು ಮುಂದಿನ ಬ್ರೇಕ್ ಹಿಡಿಯುತ್ತಾರೆ. ಹೆದರಿದವರು ಆ ಲೈನಿನಲ್ಲಿ ಕೆಳಗಿನವರೆಗೆ ಇಳಿಯಲಾರರು. ಇದು ನನಗೆ ಮೊದಲೇ ಗೊತ್ತಿತ್ತು. ಎರಡನೇ ತಿರುವಿನಲ್ಲಿ ಅವನು ಪ್ರತಿ ಸಲವೂ ಏನೋ ನೆಪ ಹೇಳಿ ಸೈಕಲ್ ಇಳಿದು, ಆಡುಗಳ ಕಾಲುದಾರಿಯಲ್ಲಿ ತಳ್ಳಿಕೊಂಡು ಸುತ್ತಿ ಬರುತ್ತಿದ್ದ. ಮೂರನೇ ತಿರುವನ್ನು ಅವನು ಒಮ್ಮೆಯೂ ಇಳಿದಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹೊರಗಿನ ಒಂದು ರೇಸ್ ತಂಡದಿಂದ ಅವನಿಗೆ ಕರೆ ಬಂತು. ಅವರು ವಿಡಿಯೊ ನೋಡಿದ್ದರು. ಬಂದು ಇಳಿದು ನೋಡುತ್ತೇವೆ, ಹಿಡಿಸಿದರೆ ಇಲ್ಲೇ ರೇಸ್ ಮಾಡುತ್ತೇವೆ, ಲೈನ್ ಮಾಡಿದವರೇ ಟ್ರ್ಯಾಕಿನ ಹೊಣೆ ಹೊರಬೇಕು ಎಂದರು. ಅವನು ಗುಂಪಿಗೆಲ್ಲ ಚಹಾ ಕುಡಿಸಿದ. ನಾನೂ ಕುಡಿದೆ. ನಾಲ್ಕು ತಿಂಗಳು ನಾನು ಸುಣ್ಣದ ಡಬ್ಬಿ ಹೊತ್ತ ಇಳಿಜಾರು ಇನ್ನು ಮುಂದೆ ಬರೆದಿಟ್ಟ ಹಾಗೆ ಅವನದಾಗುತ್ತಿತ್ತು. ಅಲ್ಲಿಂದ ನಾನು ಅವನನ್ನು ಬೀಳಿಸುವುದರ ಬಗ್ಗೆ ಯೋಚಿಸತೊಡಗಿದೆ.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಗುಂಪು ಶುರುವಾದಾಗ ತಿರುವುಗಳಲ್ಲಿ ನಿಂತು ದಾರಿ ಕೂಗುವುದನ್ನು ಕಲಿಸಿದವರು ಉಸ್ತಾದರು. ಅವರು ಕಲಿತದ್ದು ಉರ್ದು ಶಾಲೆಯಲ್ಲಿ. ಬಲಕ್ಕೆ "ದಾಯಾ", ಎಡಕ್ಕೆ "ಬಾಯಾ" ಎಂದು ಕೂಗುತ್ತಿದ್ದರು. ನಾವೂ ಹಾಗೇ ಕಲಿತೆವು. ಆದರೆ ನಾಯಕನ ಮನೆಮಾತು ಮರಾಠಿ. ಮರಾಠಿಯಲ್ಲಿ "ಡಾವಾ" ಎಂದರೆ ಎಡ. ಹೆಲ್ಮೆಟ್ಟಿನೊಳಗೆ, ಗಾಳಿಯ ಸದ್ದಿನಲ್ಲಿ, ದಾಯಾ ಅವನಿಗೆ ಡಾವಾ ಎಂದೇ ಕೇಳುತ್ತಿತ್ತು. ಮೊದಲ ತಿಂಗಳಲ್ಲೇ ಒಮ್ಮೆ ಉಸ್ತಾದರು ಬಲಕ್ಕೆ ಎಂದು ಕೂಗಿದರೆ ಅವನು ಎಡಕ್ಕೆ ತಿರುಗಿ ನೇರ ಬೇಲಿಗೆ ಹೋಗಿ ನಿಂತಿದ್ದ. ಉಸ್ತಾದರು ಹೊಟ್ಟೆ ಹಿಡಿದು ನಕ್ಕಿದ್ದರು: "ನಮ್ಮ ಬೀದರದಾಗ ಮೂರು ಭಾಷಾ ಅವ. ಮೂರೂ ಕೂಡಿ ಇವನ್ನ ಕೆಡವ್ಯಾವ ನೋಡ್ರಿ!" ಅಂದಿನಿಂದ ನಾವು ಎಲ್ಲರೂ ಕನ್ನಡದಲ್ಲೇ ಕೂಗುತ್ತಿದ್ದೆವು. ಎಡಕ್ಕ, ಬಲಕ್ಕ. ಎರಡು ವರ್ಷದಲ್ಲಿ ಅದು ಯಾಕೆ ಹಾಗಾಯಿತು ಎಂಬುದನ್ನೇ ಎಲ್ಲರೂ ಮರೆತಿದ್ದರು.

ತಂಡ ಬರುವ ಮುನ್ನಾದಿನ ಅವನು ಗುಂಪಿಗೆ ಒಂದು ಸಂದೇಶ ಕಳಿಸಿದ. "ನಾಳಿ ಎಲ್ಲಾರೂ ದಾಯಾ–ಬಾಯಾ ಅಂತೇ ಕೂಗ್ರಿ. ಬರೋರಿಗಿ ಕನ್ನಡ ಬರಂಗಿಲ್ಲ."

ನಾನು ಅದನ್ನು ಮೂರು ಸಲ ಓದಿದೆ. ಆಜ್ಞೆ ಅವನದೇ.

ಅಂದು ಮಧ್ಯಾಹ್ನ ಲ್ಯಾಬಿನಿಂದ ಬೇಗ ಹೊರಟು ಒಬ್ಬಳೇ ಇಳಿಜಾರಿಗೆ ಹೋದೆ. ಹಿಂದಿನ ವಾರದ ಮಳೆಗೆ ನನ್ನ ಸುಣ್ಣದ ಗುರುತುಗಳು ಒಂದೂ ಉಳಿದಿರಲಿಲ್ಲ. ಮೂರನೇ ತಿರುವಿನ ಎಡಗಡೆಯ ಕೊರಕಲಿಗೆ ಟೇಪ್ ಇಳಿಸಿದೆ. ಆಳ ನನ್ನ ಸೊಂಟದವರೆಗೆ. ತಳದಲ್ಲಿ ಕೊಚ್ಚಿಕೊಂಡು ಬಂದ ಮೆತ್ತನೆಯ ಮಣ್ಣು, ಆಚೆ ದಂಡೆಯಲ್ಲಿ ಜಾಲಿ ಪೊದೆ. ಮಣಿಕಟ್ಟು ಮುರಿಯಬಹುದು, ಕೊರಳಿನ ಪಕ್ಕದ ಎಲುಬು ಮುರಿಯಬಹುದು ಎಂದು ಲೆಕ್ಕ ಹಾಕಿದೆ, ಅದಕ್ಕೆ ಒಪ್ಪಿದೆ. ಕುತ್ತಿಗೆಯ ಬಗ್ಗೆಯೂ ಯೋಚಿಸಿದೆ. ಅವನು ಹೇಗೂ ಬ್ರೇಕ್ ಹಿಡಿದುಕೊಂಡೇ ಬರುತ್ತಾನೆ, ಅಷ್ಟು ವೇಗ ಇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವೇಗವನ್ನು ನಾನು ಅಳೆದಿರಲಿಲ್ಲ.

ಸಂಜೆ ಅವನು ಫೋನ್ ಮಾಡಿದ. ದನಿ ಮೆತ್ತಗಿತ್ತು.

"ತಂಗಿ, ಆ ಮೂರನೇ ತಿರುವಿನಾಗ ಹ್ಯಾಂಗ ಹೋಗ್ಬೇಕು? ಸುಮ್ನ ಕೇಳ್ಲತ್ತೀನಿ."

"ನಾ ಅಲ್ಲೇ ನಿಂತಿರ್ತೇನಿ ಅಣ್ಣಾ. ಕೂಗ್ತೇನಿ."

"ಹಾಂ, ಹಂಗಾರ ಚಿಂತಿಲ್ಲ."

ಮರುದಿನ ಬೆಳಗ್ಗೆ ಮೂವರು ಬಂದರು. ಇಬ್ಬರು ಕ್ಯಾಮೆರಾ ಹಿಡಿದು ಕೆಳಗೆ ನಿಂತರು. ಮೂರನೆಯವಳು, ನನ್ನದೇ ವಯಸ್ಸಿನ ಹುಡುಗಿ, ಮೇಲಿನಿಂದ ಇಳಿಯುವವಳು. ಲೈನನ್ನು ಮೊದಲೇ ನಡೆದು ನೋಡಲು ಆಕೆ ಒಪ್ಪಲಿಲ್ಲ. ಹೊಸಬರಿಗೆ ಟ್ರ್ಯಾಕ್ ಹೇಗಿರುತ್ತದೆ ಎಂಬುದು ಮೊದಲ ಸಲ ಇಳಿದಾಗಲೇ ಗೊತ್ತಾಗುತ್ತದೆ ಎಂದಳು. ನಾಯಕ ಮುಂದೆ ಹೋಗಬೇಕು, ಇಪ್ಪತ್ತು ಎಣಿಸಿ ಆಕೆ ಹಿಂದೆ ಬರಬೇಕು ಎಂದಾಯಿತು. ನಾನು ನನ್ನ ಜಾಗಕ್ಕೆ ಇಳಿಯಲು ಹೊರಟಾಗ ಅವನು ಎಲ್ಲರ ಮುಂದೆ ಕರೆದು ಹೇಳಿದ:

"ತಂಗೀ, ದನಿ ಜೋರ್ ಇರ್ಲಿ! ನೀ ಯಾವಾಗ್ಲೂ ಬಾಯೊಳಗೇ ಮಾತಾಡ್ತಿ."

ಎಲ್ಲರೂ ನಕ್ಕರು.

"ಜೋರಾಗೇ ಕೂಗ್ತೇನಿ ಅಣ್ಣಾ" ಎಂದೆ.

ಮೂರನೇ ತಿರುವಿನಲ್ಲಿ ನಿಂತು ಕಾಯುವಾಗ ನನ್ನ ಕೈಗಳು ತಣ್ಣಗಿದ್ದವು, ಎದೆ ಸಮನಾಗಿ ಬಡಿಯುತ್ತಿತ್ತು. ಅದನ್ನು ಗಮನಿಸಿಕೊಂಡದ್ದೂ ನೆನಪಿದೆ. ಮೇಲೆ ಬ್ರೇಕಿನ ಕಿರುಚು ಕೇಳಿತು. ಆಮೇಲೆ ಜಲ್ಲಿಕಲ್ಲು ಜಾರುವ ಸದ್ದು. ಈ ಸಲ ಎರಡನೇ ತಿರುವಿನಲ್ಲಿ ಇಳಿದು ನಡೆಯುವಂತಿರಲಿಲ್ಲ, ಹಿಂದೆ ಆಕೆ ಬರುತ್ತಿದ್ದಳು. ಅವನು ಕಾಣಿಸಿಕೊಂಡ. ಮೈಯೆಲ್ಲ ಸೆಟೆದುಕೊಂಡು, ಮೊಣಕೈ ಬಿಗಿದು, ಹೆಲ್ಮೆಟ್ಟನ್ನು ನನ್ನ ಕಡೆ ತಿರುಗಿಸಿ ಕೂಗಿಗಾಗಿ ಕಾಯುತ್ತಿದ್ದ. ಬಲಕ್ಕ ಎನ್ನಲು ನನಗೆ ಸಮಯವಿತ್ತು. ಕೈ ತೋರಿಸಲೂ ಸಮಯವಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎದೆ ತುಂಬ ಉಸಿರೆಳೆದು ಕೂಗಿದೆ.

"ದಾಯಾ!"

ಅವನು ಎಡಕ್ಕೆ ಬಾಗಿದ. ನುಣ್ಣನೆಯ ಕಡೆಗೆ. ಮುಂದಿನ ಗಾಲಿ ಕೊರಕಲಿನ ಅಂಚಿನಲ್ಲಿ ಒಂದು ಕ್ಷಣ ನಿಂತಂತೆ ಕಂಡಿತು. ಹಿಂದಿನ ಗಾಲಿ ಎದ್ದು ತಲೆಯ ಮೇಲಿಂದ ಬಂತು. ಅವನು ಜಾಲಿ ಪೊದೆಯಲ್ಲಿ ಬಿದ್ದ. ಸೈಕಲ್ ಅವನ ಮೇಲೆ ಬಿತ್ತು. ಆಮೇಲೆ "ಆಯೀ" ಎಂದು ನರಳಿದ್ದು ಕೇಳಿತು. ಜೀವ ಇದೆ ಎಂದು ಗೊತ್ತಾಯಿತು.

ಯಾರಾದರೂ ಬಿದ್ದರೆ ತಿರುವಿನಲ್ಲಿ ನಿಂತವರು ಎರಡೂ ಕೈ ಎತ್ತಿ ಹಿಂದಿನವರನ್ನು ನಿಲ್ಲಿಸಬೇಕು. ನಾನು ಎತ್ತಲಿಲ್ಲ. ಬಲಗಡೆ ದಾರಿ ಖಾಲಿ ಇತ್ತು, ಅದು ನಿಜ. ಆದರೆ ನಾನು ನಿಲ್ಲಿಸದೆ ಇದ್ದದ್ದಕ್ಕೆ ಕಾರಣ ಬೇರೆ. ನನಗೆ ಸಾಕ್ಷಿ ಬೇಕಿತ್ತು. ಆಕೆ ತಿರುವಿನ ಬಾಯಿಗೆ ಬಂದಾಗ ಅದೇ ಪದವನ್ನು ಅದೇ ದನಿಯಲ್ಲಿ ಕೂಗಿದೆ. ಆಕೆ ಬಲಕ್ಕೆ ಬಾಗಿದಳು. ಕಲ್ಲುಗಳ ಮೇಲೆ ಗಾಲಿ ಕುಣಿಯಿತು, ಆಕೆ ಮೈಯನ್ನು ಸಡಿಲ ಬಿಟ್ಟು ಕುಣಿಯಲು ಬಿಟ್ಟಳು, ದಾಟಿ ಹೋದಳು. ನನ್ನ ಲೈನಿನಲ್ಲಿ ಬೇರೊಬ್ಬರು ಇಳಿಯುವುದನ್ನು ನಾನು ನೋಡಿದ್ದು ಅದೇ ಮೊದಲು. ಚೆನ್ನಾಗಿತ್ತು.

ಅವನನ್ನು ಎಬ್ಬಿಸಿದವಳೂ ನಾನೇ. ಬೆನ್ನಿನ ಮುಳ್ಳು ಕಿತ್ತೆ. ಎಡ ಮಣಿಕಟ್ಟು ಆಗಲೇ ಊದಿತ್ತು. ನನ್ನ ಓಢಣಿಯಿಂದ ಅದನ್ನು ಕೊರಳಿಗೆ ಕಟ್ಟಿ, ನಿಧಾನವಾಗಿ ಕೆಳಗೆ ನಡೆಸಿಕೊಂಡು ಬಂದೆ. ಕೆಳಗೆ ಎಲ್ಲರೂ ಸೇರಿದ್ದರು. ತಂಡದಿಂದ ಬಂದವಳು ಹೆಲ್ಮೆಟ್ ತೆಗೆದು ಅವನ ಕೈ ನೋಡಿದಳು, ನೀರು ಕುಡಿಸಿದಳು. ಆಮೇಲೆ ಹಿಂದಿಯಲ್ಲಿ, ಯಾವ ಕುಹಕವೂ ಇಲ್ಲದೆ ಕೇಳಿದಳು: ನೀವೇ ಮಾಡಿದ ಲೈನಲ್ಲವೇ, ಎಡಕ್ಕೆ ಯಾಕೆ ಹೋದಿರಿ?

ಅವನು ನನ್ನ ಕಡೆ ಬೆರಳು ಮಾಡಿ, ಮೊದಲು ನಮ್ಮ ಮಾತಿನಲ್ಲಿ, ಆಮೇಲೆ ಹಿಂದಿಯಲ್ಲಿ ಕೂಗಾಡಿದ. "ಆಕಿ ಡಾವಾ ಅಂದಳು! ಡಾವಾ ಅಂತೇ ಕೂಗಿದಳು!"

"ದಾಯಾ ಎಂದೇ ಕೂಗಿದಳು, ನನಗೂ ಅದನ್ನೇ ಕೂಗಿದಳು" ಎಂದಳು ಬಂದವಳು.

ಮೇಲೆ ನಿಂತಿದ್ದ ಉಸ್ತಾದರು ಅವನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅದೇ ಆಗ ಇಳಿದು ಬಂದಿದ್ದರು. ಕೆಳಗಿಟ್ಟು ಬೆವರು ಒರೆಸಿಕೊಂಡು ಹೇಳಿದರು:

"ಡಾವಾ ಅನ್ಲಿ, ದಾಯಾ ಅನ್ಲಿ, ಏನರ ಅನ್ಲಿ ಬಿಡ್ರಿ ಮಿಯಾ. ತನ್ನ ಮನಿ ಬಾಗಿಲು ಯಾವ ಕಡಿ ಅದ ಅಂತ ಮಂದೀಗಿ ಕೇಳ್ಕೊಂಡು ಯಾರರ ಒಳಗ ಹೋಗ್ತಾರೇನು?"

ಯಾರೂ ನಗಲಿಲ್ಲ. ಬಂದವರಿಗೆ ಉಸ್ತಾದರೇ ಅದನ್ನು ತಮ್ಮ ಭಾಷೆಯಲ್ಲಿ ಇನ್ನೊಮ್ಮೆ ಹೇಳಿದರು. ಆಕೆ ಗುಂಪನ್ನೆಲ್ಲ ಒಂದು ಸುತ್ತು ನೋಡಿ, ಹಾಗಾದರೆ ಲೈನ್ ಯಾರದು ಎಂದಳು.

"ನಂದು" ಎಂದೆ. ಬಾಯೊಳಗೆ ಹೇಳಲಿಲ್ಲ.

ಬಲಗಡೆ ಯಾಕೆ ಎಂದು ಕೇಳಿದಳು. ಕೆಂಪು ಪದರು ಎಲ್ಲಿ ಮುಗಿಯುತ್ತದೆ, ಜೇಡಿ ಎಲ್ಲಿ ಶುರುವಾಗುತ್ತದೆ, ನೀರು ಎಲ್ಲಿ ನಿಂತು ಎಲ್ಲಿ ಕೊರೆಯುತ್ತದೆ ಎಲ್ಲವನ್ನೂ ಹೇಳಿದೆ. ಅಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಎಂ.ಎಸ್ಸಿ. ಮೌಖಿಕ ಪರೀಕ್ಷೆಯ ನಂತರ ಅದೇ ಮೊದಲು. ಅವನು ಕಲ್ಲಿನ ಮೇಲೆ ಕೂತು ಕೇಳುತ್ತಿದ್ದ. ಅವನು ಕೇಳಿಸಿಕೊಳ್ಳಲಿ ಎಂದೇ ಒಂದೆರಡು ವಿಷಯ ಬೇಕಾದ್ದಕ್ಕಿಂತ ಉದ್ದ ಮಾಡಿದೆ. ಇಳಿದು ತೋರಿಸುತ್ತೀಯಾ ಎಂದಳು. ನನ್ನ ಸೈಕಲ್ ಮೇಲೇ ಇತ್ತು. ಹತ್ತಿ ಹೋಗಿ, ಹೆಲ್ಮೆಟ್ ಹಾಕಿಕೊಂಡು ಇಳಿದೆ. ಯಾರೂ ದಾರಿ ಕೂಗಲಿಲ್ಲ. ಮೂರನೇ ತಿರುವಿನಲ್ಲಿ ಕಲ್ಲುಗಳು ಕೈಯನ್ನೆಲ್ಲ ನಡುಗಿಸಿದವು. ಆ ನಡುಕದಲ್ಲಿ ಹಲ್ಲು ಕಚ್ಚಿಕೊಂಡು ನಾನು ನಗುತ್ತಿದ್ದೆ. ಹೆಲ್ಮೆಟ್ಟಿನೊಳಗಿನ ನಗು ಯಾರಿಗೂ ಕಾಣುವುದಿಲ್ಲ.

ಕೆಳಗೆ ಅವರು ಹೆಸರು ಕೇಳಿದರು. ಹೇಳಿದೆ. ಊರೂ ಹೇಳಿದೆ. ಹೆಲ್ಮೆಟ್ ತೆಗೆದ ಮುಖವನ್ನು ಅವರು ಚಿತ್ರ ತೆಗೆದರು, ಬೇಡ ಎನ್ನಲಿಲ್ಲ. ನಾಲ್ಕು ದಿನಕ್ಕೆ ಅವ್ವನ ಫೋನ್ ಬಂತು.

"ಅದೇನ ಗುಡ್ಡದಿಂದ ಬೀಳ್ಲತ್ತಿದಿ ಅಂತಲ್ಲ? ಪಕ್ಕದ ಮನಿಯಾಕಿ ಫೋನದಾಗ ತೋರ್ಸಿದಳು."

"ಬಿದ್ದಿಲ್ಲವ್ವಾ. ಇಳದೀನಿ."

"ನಿಮ್ಮಪ್ಪ ಮಾತಾಡಂಗಿಲ್ಲ ಅಂತ ಕುಂತಾನ."

"ಕುಂದ್ರಲಿ."

ಅಪ್ಪ ಎರಡು ತಿಂಗಳು ಮಾತಾಡಲಿಲ್ಲ. ಅದು ನಾನು ತೆತ್ತದ್ದು. ಹೆಚ್ಚಾಯಿತು ಎಂದು ನನಗೆ ಅನ್ನಿಸಿಲ್ಲ.

ಅವನ ಮಣಿಕಟ್ಟಿನ ಎಲುಬು ಸೀಳಿತ್ತು. ಆರು ವಾರ ಪ್ಲಾಸ್ಟರ್. ಐದನೆಯ ವಾರದ ರವಿವಾರ ನಾನು ಮೂರನೇ ತಿರುವಿನಲ್ಲಿ ಸಲಿಕೆ ಹಿಡಿದು, ನೀರು ಬೇರೆ ಕಡೆ ಹರಿಯಲು ಕಾಲುವೆ ತೆಗೆಯುತ್ತಿದ್ದೆ. ರೇಸಿಗೆ ಮೊದಲು ಆಗಬೇಕಾದ ಕೆಲಸ. ಹೊಣೆ ಈಗ ನನ್ನದಾಗಿತ್ತು. ಅವನು ಮೇಲಿನಿಂದ ನಡೆದು ಬಂದ. ಕೈ ಕೊರಳಿಗೆ ಕಟ್ಟಿತ್ತು. ಕೊರಕಲಿನ ಅಂಚಿನಲ್ಲಿ ನಿಂತು ಒಳಗೆ ನೋಡಿದ, ಬಲಗಡೆಯ ಕಲ್ಲು ನೋಡಿದ.

"ತಂಗಿ, ಒಂದು ಖರೇ ಹೇಳು. ಆವತ್ತು ಏನಂತ ಕೂಗಿದಿ?"

"ದಾಯಾ ಅಂತ."

"ನನಗ ಅದು ಹ್ಯಾಂಗ ಕೇಳಸ್ತದ ಅಂತ ನಿನಗ ಗೊತ್ತಿತ್ತೇನು?"

ಸುತ್ತ ಯಾರೂ ಇರಲಿಲ್ಲ. ನಾನು ಸಲಿಕೆಯನ್ನು ನೆಲಕ್ಕೆ ಊರಿದೆ.

"ಗೊತ್ತಿತ್ತರಿ."

ಅವನ ಮುಖ ಕೆಂಪಾಯಿತು. "ಕೈ ಮುರದಿ ನಂದು. ಸತ್ತಿದ್ರ? ಇದನ್ನ ನಾ ಸುಮ್ನ ಬಿಡಂಗಿಲ್ಲ. ಎಲ್ಲಾರಿಗೂ ಹೇಳ್ತೇನಿ."

"ಹೇಳ್ರಿ ಅಣ್ಣಾ. ಮೊದ್ಲಿಂದ ಹೇಳ್ರಿ. ನೀವು ಎದಕ್ಕ ನನ್ನ ಕೂಗಿಗಿ ಕಾಯ್ದು ನಿಂತಿದ್ರಿ, ಅಲ್ಲಿಂದ."

ಹೇಳುವುದು ಎಲ್ಲಿಂದ ಶುರುಮಾಡಿದರೂ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಅವನಿಗೆ ಅರ್ಥವಾಗುವುದನ್ನು ನಾನು ಅವಸರವಿಲ್ಲದೆ ನೋಡಿದೆ. ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಬಂದ ದಾರಿಯಲ್ಲೇ ಹತ್ತತೊಡಗಿದ. ಸಡಿಲ ಕಲ್ಲಿನ ಮೇಲೆ ಎರಡು ಸಲ ಜಾರಿದ. ನಾನು ಕೈ ಕೊಡಲಿಲ್ಲ. ಕಾಲುವೆ ಇನ್ನೂ ಅರ್ಧ ಉಳಿದಿತ್ತು.